ಹೊಲಿಗೆ ಟೀಚರ ಗಾಡಿಗೊಂದು ನಂಬರು

ಅವರು ಕುರ್ಚಿಯಿಂದ ಏಳುವ ರೀತಿಯೇ ಬೇರೆ. ಮೊದಲು ಎಡಗೈಯನ್ನು ಎಡತೊಡೆಯ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಇಟ್ಟು ಒತ್ತುತ್ತಿದ್ದರು. ಕಾಲು ನೆಟ್ಟಗಾದ ಮೇಲೆ ಮೈಯನ್ನು ಎತ್ತುತ್ತಿದ್ದರು. ನಡೆಯುವಾಗಲೂ ಹಾಗೆಯೇ, ಹೆಜ್ಜೆ ಹೆಜ್ಜೆಗೂ ಅಂಗೈ ಒತ್ತಬೇಕು, ಇಲ್ಲದಿದ್ದರೆ ಆ ಕಾಲು ಮಡಚಿಕೊಳ್ಳುತ್ತಿತ್ತು. ಮಗುವಾಗಿದ್ದಾಗ ಬಂದ ಪೋಲಿಯೋ. ಅವರ ಎಲ್ಲ ಸೀರೆಗಳೂ ಆ ಒಂದು ಜಾಗದಲ್ಲಿ ಅಂಗೈಯಗಲ ಬಣ್ಣ ಕಳೆದುಕೊಂಡಿರುತ್ತಿದ್ದವು. ಹೊಲಿಗೆ ಟೀಚರಲ್ಲವೇ, ಅದು ಮೊದಲು ಕಾಣುತ್ತಿದ್ದುದು ಅವರಿಗೇ. ಅದು ಎದ್ದುಕಾಣದಿರಲೆಂದೇ ದೊಡ್ಡ ಹೂವಿನ ಸೀರೆಗಳನ್ನು ಆರಿಸಿ ಉಡುತ್ತಿದ್ದರು. ‘ಈ ವಯಸ್ಸಿನಲ್ಲಿ ಇಷ್ಟೊಂದು ಹೂವು’ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕಿದ್ದರು. ಹಾಗೆ ನಕ್ಕವರಿಗೆ ಮುಂದೆ ಉತ್ತಮ ಶಿಕ್ಷಕ ಎಂದು ಶಾಲು ಹೊದಿಸಿದರು. ನಮ್ಮ ಕಡೆ ಶಾಲಿಗೆ ಬರವಿಲ್ಲ.

ತೊಂಬತ್ತೇಳರಲ್ಲಿ ನಾನು ಕಿರಿಮಂಜೇಶ್ವರದ ಹತ್ತಿರದ ಆ ಹೈಸ್ಕೂಲಿಗೆ ಹಿಂದಿ ಮೇಷ್ಟ್ರಾಗಿ ಸೇರಿದಾಗ ಅವರು ಅಲ್ಲಿ ಹಳಬರು. ಗಣಿತ, ಇಂಗ್ಲಿಷಿನವರು ಸ್ಟಾಫ್ ರೂಮಿನ ನಡುವಿನ ದೊಡ್ಡ ಮೇಜಿನ ಸುತ್ತ ಕೂರುತ್ತಿದ್ದರು. ಹಿಂದಿ ಮತ್ತು ಹೊಲಿಗೆ, ಎರಡಕ್ಕೂ ಬಾಗಿಲ ಹಿಂದಿನ ಬೆಂಚು. ನಾನು ಹೋಗಿ ಕೂತ ಕೂಡಲೇ ಅವರು ನನ್ನನ್ನು ತಲೆಯಿಂದ ಸೊಂಟದವರೆಗೆ ನೋಡಿದರು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

“ನಿಮ್ದ್ ಎಡ ಭುಜ ತಗ್ಗಿತ್ತ್ ಮೇಷ್ಟ್ರೇ. ಅಂಗಿ ಹೊಲ್ದವ ಕಾಣ್ಲೇ ಇಲ್ಲ.”

ಅಷ್ಟು ವರ್ಷ ಕನ್ನಡಿ ನೋಡಿಕೊಂಡವನಿಗೆ ನನಗೇ ಅದು ಗೊತ್ತಿರಲಿಲ್ಲ. ಅವರು ಹೇಳಿದ್ದು ಕೊಂಕಾಗಿ ಅಲ್ಲ. ಮನುಷ್ಯರ ಮೈಯಲ್ಲಿ ಏರುತಗ್ಗು ಇರುವುದು ಸಹಜ, ಬಟ್ಟೆಯೇ ಅದಕ್ಕೆ ಹೊಂದಿಕೊಳ್ಳಬೇಕು ಎಂಬುದು ಅವರ ಮತ. ಹೆಣ್ಣುಮಕ್ಕಳಿಗೆ ಯೂನಿಫಾರಂ ಹೊಲಿಯಲು ಕಲಿಸುವಾಗ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡಿಸುತ್ತಿದ್ದರು. “ಬೆಳೂ ಮಕ್ಳಿಗೆ ಬಟ್ಟಿ ಕದ್ದ್ ಹೊಲೂಕಾಗ. ಬಿಗಿ ಆರೆ ಹೊಲ್ಗಿ ಬಿಚ್ಚೂದ್, ಮತ್ತೊಂದ್ ಹೊಲ್ಗಿ ಹಾಕೂದ್. ಅದ್ಕೆಂತ ಮರ್ಕುದ್, ಅಳೂದ್?” ಅವರ ಪಾಠದಲ್ಲಿ ಕಡಿದುಹೋದ ಬಟ್ಟೆ ಒಂದನ್ನು ಬಿಟ್ಟು ಸರಿಮಾಡಲಾಗದ್ದು ಯಾವುದೂ ಇರಲಿಲ್ಲ.

ಮನೆ ಶಾಲೆಯಿಂದ ದೂರವೇನಲ್ಲ, ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷ ಅವರ ಜೀವ ಹಿಂಡುತ್ತಿತ್ತು. ನಮ್ಮ ಕಡೆಯ ಖಾಸಗಿ ಬಸ್ಸು ಗೊತ್ತಲ್ಲ, ಹಿಂದಿನ ಬಸ್ಸು ಮುಂದೆ ಹೋದೀತೆಂಬ ಹೆದರಿಕೆಯಲ್ಲಿ ನಿಲ್ಲುವ ಶಾಸ್ತ್ರವನ್ನಷ್ಟೇ ಮಾಡುತ್ತದೆ. ಕಂಡಕ್ಟರು “ಹ್ವಾಯ್, ಬೇಗ ಬೇಗ” ಎನ್ನುತ್ತ ಇಳಿದು, ಇವರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಮೆಟ್ಟಿಲ ಮೇಲೆ ಇಡುತ್ತಿದ್ದ. ಒಳ್ಳೆಯ ಹುಡುಗ, ಟಿಕೇಟಿನ ಚಿಲ್ಲರೆಯನ್ನೂ ಕೂತಲ್ಲಿಗೇ ತಂದುಕೊಡುತ್ತಿದ್ದ. ಎಲ್ಲರೂ ಅವನನ್ನು ಹೊಗಳುತ್ತಿದ್ದರು.

“ಅಕ್ಕಿ ಮುಡಿ ಎತ್ತಿದ್ ಹಾಂಗೆ ಎತ್ತುತ್ತ ಮೇಷ್ಟ್ರೇ,” ಎಂದರು ಒಮ್ಮೆ, ಹುಲ್ಲಿನಲ್ಲಿ ಬಿಗಿದು ಕಟ್ಟುವ ಅಕ್ಕಿಮೂಟೆಯನ್ನು ನೆನೆದು. “ಮುಡಿಗಾರೂ ನಾಚ್ಗಿ ಇಲ್ಲೆ.”

ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದರು: “ಇಪ್ಪತ್ತ್ ವರ್ಷ ಆಯ್ತ್. ಕಂಡಕ್ಟರ್ ಬದ್ಲ್ ಆತ್ರ್. ಎತ್ತೂದ್ ಬದ್ಲ್ ಆತ್ತಿಲ್ಲೆ.”

ಇನ್ನು ಮನೆ. ಆ ಮನೆಯ ಬಗ್ಗೆ ಕೆಟ್ಟದ್ದು ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ಗದ್ದೆಯಿದ್ದ ದೊಡ್ಡ ಮನೆತನ. ಅಣ್ಣ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಬಂದವರು. ಬಿಳಿ ಪಂಚೆ, ಮೆಲು ಮಾತು, ಕೊಡುಗೈ. ದೇವಸ್ಥಾನದ ಜೀರ್ಣೋದ್ಧಾರವಿರಲಿ, ಶಾಲೆಯ ಕಕ್ಕಸಿನ ಬಾಗಿಲಿರಲಿ, ಮೊದಲ ಚಂದಾ ಅವರದ್ದೇ. ತಂಗಿಯನ್ನು ಗದರಿಸಿದ್ದನ್ನು ನಾನು ಕಂಡಿಲ್ಲ. ಆಸ್ತಿ ಹೆಣ್ಣಿನ ಸಂತಾನಕ್ಕೇ ಎಂಬ ಹಿಂದಿನವರ ಅಳಿಯಸಂತಾನದ ಕಟ್ಟಳೆ ಹೇಳಿ ಹೆಮ್ಮೆಪಡುವ ಮನೆ ಅದು. ಆದರೆ ಪಾಲಾಗುವಾಗ ‘ಇವ್ಳಿಗೆ ಬೇರೆ ಜಾಗ ಎಂತಕ್ಕೆ, ನಮ್ಮೊಟ್ಟಿಗೇ ಇಪ್ಪುದಲ್ದಾ’ ಎಂದು ಎಲ್ಲರೂ ಸೇರಿ ಅವರಿಂದ ಹಕ್ಕುಬಿಡುಗಡೆಗೆ ರುಜು ಹಾಕಿಸಿದರು. ಅವರ ಮೈಮೇಲಿನ ಚಿನ್ನ ಅಣ್ಣನ ಮಕ್ಕಳ ಮದುವೆಗೆ ಹೋಯಿತು. ಕೊಡಲು ಮನಸ್ಸಿರಲಿಲ್ಲ ಎಂದು ಅವರೂ ಹೇಳಲಿಲ್ಲ, ಕೊಡುತ್ತೀಯಾ ಎಂದು ಯಾರೂ ಕೇಳಲೂ ಇಲ್ಲ. ಇಷ್ಟು ಸೌಮ್ಯವಾಗಿ ಒಬ್ಬರನ್ನು ಬರಿಗೈ ಮಾಡುವ ಕಲೆ ದೊಡ್ಡ ಮನೆಗಳಿಗೇ ಒಲಿದದ್ದು.

ಬ್ಯಾಟರಿ ಸ್ಕೂಟರುಗಳು ಕುಂದಾಪುರಕ್ಕೆ ಬಂದದ್ದು ಎರಡು ಸಾವಿರದ ಎಂಟು ಒಂಬತ್ತರ ಸುಮಾರಿಗೆ. ಪೆಟ್ರೋಲು ಬೇಡ, ಲೈಸೆನ್ಸು ಬೇಡ, ರಾತ್ರಿ ಕರೆಂಟಿಗೆ ಸಿಕ್ಕಿಸಿದರೆ ಬೆಳಿಗ್ಗೆ ತಯಾರು. ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಪುಟ್ಟ ಚಕ್ರ ಕಟ್ಟಿಸಿಕೊಂಡರೆ ಅವರ ಕಾಲಿಗೆ ಅಡ್ಡಿಯಿಲ್ಲ. ಅವರು ಪಿ.ಎಫ್. ಸಾಲ ತೆಗೆದರು. ಅಂಗಡಿಗೆ ಹೋಗುವ ದಿನ ಅಣ್ಣ ತಾವಾಗಿ ಕಾರು ತೆಗೆದರು. ಗಂಡಸರೊಬ್ಬರು ಜೊತೆಗಿದ್ದರೆ ಒಳ್ಳೆಯದಲ್ಲವೇ. ಇವರು ಗಾಡಿಯ ಮೇಲೆ ಕೂತು ಕೈಗೆ ಕಾಲಿಗೆ ಹೊಂದುತ್ತದೋ ಎಂದು ನೋಡುತ್ತಿದ್ದಾಗ, ಅತ್ತ ಅಂಗಡಿಯವರು “ಬಿಲ್ ಯಾರ ಹೆಸ್ರಿಗೆ?” ಎಂದರಂತೆ. ಅಣ್ಣ ತಮ್ಮ ಹೆಸರು ಹೇಳಿದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಬೇರೆ ಹೆಸರು ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೇ.

ಮನೆಗೆ ಹೋದ ಮೇಲೆ ಇವರು ಬಿಲ್ಲು ಓದಿದರು. ಸೋಮವಾರ ಬೆಂಚಿನಲ್ಲಿ ನನ್ನ ಪಕ್ಕ ಕೂತು ಹೇಳಿದರು: “ಯಾರ ಹೆಸ್ರಾರೆಂತ, ಮನಿ ಗಾಡಿ ಅಲ್ದಾ ಅಂದ ಅಣ್ಣಯ್ಯ.” ತಿದ್ದಿಸಿಕೊಳ್ಳಲು ಅಂಗಡಿಗೆ ಹೋದರೆ ಅವರು ನಕ್ಕುಬಿಟ್ಟರಂತೆ. ಬಿಲ್ಲು ಆಗಿಹೋಗಿದೆ, ಬದಲು ಮಾಡಲು ಬರುವುದಿಲ್ಲ, ಅದೇನು ಆರ್‌ಸಿ ಪುಸ್ತಕವೇ?

ಆ ಮಾತು ಅವರ ಮನಸ್ಸಿನಲ್ಲಿ ಬೇರುಬಿಟ್ಟಿತು. ಆರ್‌ಸಿ ಇದ್ದರೆ ಅಲ್ಲವೇ ಗಾಡಿ ಇಂಥವರದ್ದು ಎಂದು ಸರ್ಕಾರ ಹೇಳುವುದು.

ಮೊದಮೊದಲು ಅವರು ಗಾಡಿಯಲ್ಲಿ ಶಾಲೆಗೆ ಬಂದ ದಿನಗಳು ಚೆನ್ನಾಗಿದ್ದವು. ಸದ್ದಿಲ್ಲದೆ ಗೇಟಿನೊಳಗೆ ಬಂದು, ತೆಂಗಿನ ಮರದ ಬುಡದಲ್ಲಿ ನಿಲ್ಲಿಸಿ, ಯಾರ ಕೈಯೂ ತಾಗದೆ ಇಳಿದು ಬರುತ್ತಿದ್ದರು. ಮುಖ ನೋಡಬೇಕಿತ್ತು. ಆದರೆ ಮನೆಯ ಗಾಡಿಗೆ ಮನೆಯವರೆಲ್ಲ ಯಜಮಾನರು. ಅತ್ತಿಗೆಗೆ ಡೇರಿಗೆ ಹಾಲು ಕೊಡಲು ಅದೇ ಬೇಕು. ನೆಂಟರು ಬಂದರೆ ಪೇಟೆಗೆ ಅದೇ. ಬೆಳಿಗ್ಗೆ ಅಂಗಳಕ್ಕೆ ಇಳಿದರೆ ಗಾಡಿ ಇರುತ್ತಿರಲಿಲ್ಲ, ಇದ್ದರೆ ಬ್ಯಾಟರಿ ಇರುತ್ತಿರಲಿಲ್ಲ. ಆಗ ಮತ್ತೆ ಬಸ್ಸು, ಮತ್ತೆ ಕಂಕುಳಿಗೆ ಕೈ. ಒಂದು ದಿನ ಧೈರ್ಯ ಮಾಡಿ “ಅದ್ ನಂದ್ ಅಲ್ದಾ ಅಣ್ಣಯ್ಯ?” ಎಂದರಂತೆ. ಅಣ್ಣ ಪ್ರೀತಿಯಿಂದ, “ಒಂದೇ ಮನಿಯಂಗೆ ನಿಂದ್ ನಂದ್ ಅಂಬ್ದ್ ಇತ್ತಾ ಮಾರಾಯ್ತಿ?” ಎಂದರು.

“ಎಲ್ಲಾ ಅವ್ರ ಹೆಸ್ರಲ್ಲಿ ಇಪ್ಪತಿಗೆ ‘ನಿಂದ್ ನಂದ್ ಇಲ್ಲೆ’ ಅಂಬುದ್ ಬಾರಿ ಸುಲ್ಬ,” ಎಂದರು ನನ್ನ ಹತ್ತಿರ. “ನಂಗೆ ಗದ್ದಿ ಬೇಡ, ಚಿನ್ನ ಬೇಡ. ಒಂದ್ ವಸ್ತು, ಒಂದೇ ಒಂದ್, ನನ್ ಹೆಸ್ರಲ್ಲಿ ಇರ್ಕ್ ಮೇಷ್ಟ್ರೇ. ಯಾರಾರೂ ಕೈ ಹಾಕುಕೆ ಮೊದ್ಲ್ ನನ್ ಹತ್ರ ಕೇಣ್ಕ್.”

ವಾಹನ ನೋಂದಣಿಯವರು ಆಗ ತಿಂಗಳಿಗೊಮ್ಮೆ ಕುಂದಾಪುರಕ್ಕೆ ಕ್ಯಾಂಪಿಗೆ ಬರುತ್ತಿದ್ದರು. ಒಂದು ಕ್ಯಾಂಪಿಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಬ್ರೇಕ್ ಇನ್‌ಸ್ಪೆಕ್ಟರು ಬಯಲುಸೀಮೆಯ ಕಡೆಯವರು, ಚಿಕ್ಕ ವಯಸ್ಸು, ಮರ್ಯಾದೆಯ ಮನುಷ್ಯ. ಕುರ್ಚಿ ತರಿಸಿ ಇವರನ್ನು ಕೂರಿಸಿ ವಿವರಿಸಿದರು. ಮೋಟಾರಿನ ಶಕ್ತಿ ಇನ್ನೂರೈವತ್ತು ವ್ಯಾಟಿನೊಳಗೆ, ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನೊಳಗೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ನಂಬರಿಲ್ಲ, ತೆರಿಗೆಯಿಲ್ಲ, ಯಾವ ತಾಪತ್ರಯವೂ ಇಲ್ಲ.

“ವಾಹನ ಅಲ್ದಿರೆ ಮತ್ತೆಂತ ಸಾರ್ ಇದ್?”

“ಸೈಕಲ್ ಇದ್ದಂಗೆ ಅಂದ್ಕೊಳ್ಳಿ ಅಮ್ಮ.”

“ಹಿಂದೆ ಸೈಕಲ್ಲಿಗೂ ಪಂಚಾಯ್ತಿಯವ್ರ್ ತಗ್ಡಿನ್ ಬಿಲ್ಲಿ ಕೊಡ್ತಿದ್ರ್.”

ಇನ್‌ಸ್ಪೆಕ್ಟರು ನಕ್ಕರು. “ಎಲ್ರೂ ನೋಂದಣಿ ತಪ್ಪಿಸಿಕೊಳ್ಳೋಕೆ ಬರ್ತಾರೆ. ಬೇಕು ಅಂತ ಬಂದೋರು ನೀವೊಬ್ರೇ. ಸರ್ಕಾರ ನಿಮಗೆ ಅನುಕೂಲ ಮಾಡಿ ಕೊಟ್ಟಿದೆ, ಆರಾಮಾಗಿ ಓಡಾಡಿ.” ಸರತಿಯಲ್ಲಿ ನಿಂತಿದ್ದ ಟೆಂಪೋದವರೂ ನಕ್ಕರು. ಟೀಚರು ನಗಲಿಲ್ಲ. ಬೇಡದವರಿಗೆ ಬೇಡದ ಅನುಕೂಲವನ್ನು ಸರ್ಕಾರ ಎಷ್ಟು ಧಾರಾಳವಾಗಿ ಕೊಡುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಮಾರನೆಯ ವಾರ ಬೆಂಚಿನಲ್ಲಿ ಟೇಪನ್ನು ಬೆರಳಿಗೆ ಸುತ್ತುತ್ತ, “ಅಳತಿಗೆ ಕಮ್ಮಿ ಬಂತ್, ಅಷ್ಟೇ ಅಲ್ದಾ?” ಎಂದರು.

“ಯಾವುದು?”

“ಗಾಡಿ. ಕಾನೂನಿನ್ ಅಳತಿಗೆ ಕಮ್ಮಿ ಬಂತ್. ಕಮ್ಮಿ ಬಂದ್ರೆ ಹೊಲ್ಗಿ ಬಿಚ್ಚಿ ದೊಡ್ಡ್ ಮಾಡೂದ್.”

ಕಾನೂನು ರವಿಕೆಯಲ್ಲ ಎಂದೆ. ಅವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಂಗಾರಕಟ್ಟೆಯಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳ ಗಂಡ ದೋಣಿಯ ಎಂಜಿನು ರಿಪೇರಿ ಮಾಡುತ್ತಿದ್ದ, ಕರೆಂಟಿನ ಕೆಲಸವೂ ಗೊತ್ತಿತ್ತು. ದಸರಾ ರಜೆಯಲ್ಲಿ ಟೆಂಪೋ ಗೊತ್ತುಮಾಡಿ ಗಾಡಿಯನ್ನು ಅಲ್ಲಿಗೆ ಒಯ್ದರು. ಮನೆಯಲ್ಲಿ ‘ರಿಪೇರಿ’ ಎಂದರು. ಅವನು ದೊಡ್ಡ ಮೋಟಾರು ಹಾಕಿ, ವೇಗ ತಡೆಯುವ ತಂತಿಯನ್ನು ಕಿತ್ತು, ಇನ್ನೊಂದು ಬ್ಯಾಟರಿ ಸೇರಿಸಿದ. “ಟೀಚರ್ರೇ, ಇದ್ ಈಗ ಹಾರ್ತ್,” ಎಂದನಂತೆ.

ಮುಂದಿನ ಕ್ಯಾಂಪಿನ ದಿನ ಅವರು ಕುಂದಾಪುರಕ್ಕೆ ಗಾಡಿಯಲ್ಲೇ ಹೊರಟರು. ನಾನು ಹಿಂದೆ ಬೈಕಿನಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ ಬರುವಲ್ಲಿ ಅವರು ಆಕ್ಸಿಲರೇಟರಿನ ಕಿವಿ ತಿರುವಿಯೇಬಿಟ್ಟರು. ಪಕ್ಕದ ಪುಟ್ಟ ಚಕ್ರಗಳು ಕಟಕಟ ಹಾರುತ್ತಿದ್ದವು, ಸೆರಗು ಗಾಳಿಗೆ ಬಿಚ್ಚಿಹೋಗಿತ್ತು. ನಿಲ್ದಾಣದಲ್ಲಿ ಜನ ಹತ್ತಿಸಿಕೊಳ್ಳುತ್ತಿದ್ದ ಬಸ್ಸೊಂದನ್ನು ಹಾದು ಮುಂದೆ ಹೋದರು. ಕಂಡಕ್ಟರು ಫುಟ್‌ಬೋರ್ಡಿನಿಂದ ಬಗ್ಗಿ ನೋಡಿದ. ಅವರು ತಿರುಗಿ ನನಗೆ ಕೂಗಿದರು:

“ಹ್ವಾಯ್ ಮೇಷ್ಟ್ರೇ, ಬನ್ನಿ ಕಾಂಬ! ಎಂತ ನಿದ್ರಿಯಾ?”

ಒಂದೇ ಬೆಂಚಿನಲ್ಲಿ ಕಳೆದ ಒಟ್ಟು ಹದಿನೇಳು ವರ್ಷದಲ್ಲಿ ಅವರು ದನಿ ಎತ್ತಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಹೇಳುವುದಿಲ್ಲ, ಸಂತೋಷಕ್ಕೇ ಬಂತು.

ಅದೇ ಇನ್‌ಸ್ಪೆಕ್ಟರು. ಗುರುತು ಹಿಡಿದರು. “ಮತ್ತೇನಮ್ಮ?”

“ಈಗ ಅಳತಿಗೆ ಸಮ ಬಂತ್ ಸಾರ್. ನಲ್ವತ್ತರ ಮೇಲೆ ಓಡ್ತ್. ಈಗ ಇದ್ ವಾಹನ. ನಂಬರ್ ಕೊಡಿ.”

ಅವರು ಎದ್ದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಕುಕ್ಕರುಗಾಲಲ್ಲಿ ಕೂತು ಮೋಟಾರು ನೋಡಿದರು. ಎದ್ದು ನಿಂತಾಗ ಮುಖದಲ್ಲಿ ನಗು ಇರಲಿಲ್ಲ.

“ಯಾರು ಮಾಡಿದ್ದು ಇದು?”

“ನಾನೇ ಮಾಡ್ಸದ್ದ್,” ಎಂದರು ಟೀಚರು, ಬಹುಮಾನ ಕೊಡಲು ಕರೆದಿದ್ದಾರೋ ಎಂಬ ಹಾಗೆ.

“ಅಮ್ಮ, ಮೊದಲು ನೀವು ಯಾವ ತಪ್ಪೂ ಮಾಡಿರಲಿಲ್ಲ. ಈಗ ಇದು ವಾಹನ. ಹೌದು, ನೀವು ಹೇಳಿದ್ದು ಸರಿ. ಆದರೆ ಕಂಪನಿ ಇದನ್ನು ಹೀಗೆ ಮಾಡಿ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೊಂಡಿಲ್ಲ. ಒಪ್ಪಿಗೆ ಇಲ್ಲದ ವಾಹನಕ್ಕೆ ನಂಬರ್ ಕೊಡೋಕೆ ಬರಲ್ಲ. ನಂಬರಿಲ್ಲದ ವಾಹನ, ಇನ್ಶೂರೆನ್ಸ್ ಇಲ್ಲ, ನಿಮಗೆ ಲೈಸೆನ್ಸಿಲ್ಲ, ಹೆದ್ದಾರಿ ಮೇಲೆ ಓಡಿಸ್ಕೊಂಡು ಬಂದಿದೀರಿ. ನಾನು ಇದನ್ನು ಹಿಡಿದಿಡಲೇಬೇಕು.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾನೂನು ಸರಿಯಾಗಿದ್ದಾಗಲೇ ಮನುಷ್ಯನಿಗೆ ಬೈಯಲು ಯಾರೂ ಸಿಗದೆ ಹೊಟ್ಟೆ ಉರಿಯುವುದು. ಅಂಗವಿಕಲರಿಗೆಂದೇ ಬೇರೆ ಬಗೆಯ ನೋಂದಣಿ ಇದೆ, ಒಪ್ಪಿಗೆಯಾದ ಪೆಟ್ರೋಲು ಸ್ಕೂಟರು ತೆಗೆದು ಚಕ್ರ ಕಟ್ಟಿಸಿದ್ದರೆ ನಂಬರೂ ಲೈಸೆನ್ಸೂ ಎರಡೂ ಸಿಗುತ್ತಿತ್ತು ಎಂದೂ ಅವರೇ ಹೇಳಿದರು. ಗಾಡಿ ತೆಗೆಯುವ ಮೊದಲು ಇದನ್ನು ಹೇಳುವವರು ನಮ್ಮಲ್ಲಿ ಯಾರೂ ಇರಲಿಲ್ಲ.

“ಮಾಲೀಕರು ಯಾರು?” ಎಂದರು ಇನ್‌ಸ್ಪೆಕ್ಟರು.

“ನಾನೇ.”

“ಬಿಲ್ ತೋರ್ಸಿ.”

ಬಿಲ್ಲು ನೋಡಿ ಅವರು, “ಈ ಹೆಸರಿನೋರನ್ನ ಕರೆಸಿ,” ಎಂದರು.

“ದುಡ್ಡ್ ನಂದ್ ಸಾರ್. ಸಂಬ್ಳದಲ್ಲಿ ಕಡ್ಕಂತ್ರ್, ಕಾಣಿ ಬೇಕಾರೆ.”

“ಅಮ್ಮ, ನಾನು ಕಾಗದ ನೋಡಬೇಕಾಗ್ತದೆ.”

ಅಣ್ಣ ಕಾರಿನಲ್ಲಿ ಬಂದರು. ಬಂದವರೇ ಕೈಮುಗಿದರು. “ಅವ್ಳಿಗೆ ತಿಳಿವಳ್ಕಿ ಕಮ್ಮಿ ಸಾರ್, ಕ್ಷಮ್ಸ್ಕ್,” ಎಂದರು. ಇಪ್ಪತ್ತೈದು ವರ್ಷ ಪಾಠ ಮಾಡಿದ ತಂಗಿ ಮೂರಡಿ ದೂರದಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಗಾಡಿಯನ್ನು ಮೊದಲಿನಂತೆ ಮಾಡಿಸುತ್ತೇನೆ, ಇನ್ನು ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಅಣ್ಣ ಬರೆದುಕೊಟ್ಟು, ‘ವಾಹನದ ಮಾಲೀಕರು’ ಎಂಬಲ್ಲಿ ರುಜು ಹಾಕಿದರು. ಇನ್‌ಸ್ಪೆಕ್ಟರು ಮೊಹರು ಒತ್ತಿದರು. ಆ ಗಾಡಿಗೆ ಸರ್ಕಾರದ ಮೊಹರು ಬಿದ್ದ ಕಾಗದ ಎಂದು ಕಡೆಗೂ ಒಂದು ಸಿಕ್ಕಿತು. ಟೀಚರ ಹತ್ತಿರ ಯಾರೂ ಒಂದು ರುಜು ಕೂಡ ಕೇಳಲಿಲ್ಲ. ಅವರು ಅಂಗೈಯಿಂದ ತೊಡೆ ಒತ್ತಿಕೊಂಡು ಎದ್ದು, ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಕೆಲವು ದಿನ ಬಿಟ್ಟು ನಾನು ಹೇಳಿದೆ, “ಇನ್‌ಸ್ಪೆಕ್ಟರು ಹೇಳಿದಂಥದ್ದೇ ಒಂದು ತೆಗೆಯುವ ಟೀಚರ್ರೇ, ಈ ಸಲ ನಾನೇ ಜೊತೆಗೆ ಬರುತ್ತೇನೆ.”

ಅವರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. “ನೀವ್ ಬಂದ್ರೆ ‘ಅವ್ಳ್ ಯಾರೊಟ್ಟಿಗೋ ಹೋಯಿ ಗಾಡಿ ತಂದ್ಳ್’ ಅಂತ್ರ್. ಅಣ್ಣಯ್ಯ ಬಂದ್ರೆ ಅಣ್ಣಯ್ಯನ್ ಗಾಡಿ ಆತ್ತ್. ಒಬ್ಳೇ ಹೋಪುಕೆ ಗಾಡಿ ಬೇಕ್. ಹೇಳಿ ಮೇಷ್ಟ್ರೇ, ಮೊದ್ಲ್ ಎಂತ ತಕಂಬುದ್?”

ಸಾಲದ ಕಂತು ಇನ್ನೂ ಎರಡು ವರ್ಷ ಸಂಬಳದಲ್ಲಿ ಮುರಿಯುತ್ತಿತ್ತು.

ಮೊದಲಿನಂತೆ ಮಾಡಿಸಿದ ಆ ಗಾಡಿಯ ಮೇಲೆ ಅವರು ಮತ್ತೆ ಕೂರಲಿಲ್ಲ. ಅದು ಡೇರಿಗೆ ಹಾಲು ಹೊತ್ತಿತು, ಪೇಟೆಯಿಂದ ಹಿಂಡಿ ಹೊತ್ತಿತು. ಟೀಚರು ನಿವೃತ್ತಿಯವರೆಗೂ ಬಸ್ಸಿನಲ್ಲೇ ಬಂದರು. ಒಳ್ಳೆಯ ಕಂಡಕ್ಟರುಗಳೇ, ಎಲ್ಲರೂ ಎತ್ತಿ ಎತ್ತಿ ಹತ್ತಿಸಿದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ ‘ಅಂಗವಿಕಲತೆಯನ್ನು ಮೆಟ್ಟಿ ನಿಂತವರು’ ಎಂದರು. ಇವರು ಮೈಕಿನ ಮುಂದೆ ನಿಂತು, “ಕಾಲ್ ನಂಗೆ ಅಷ್ಟ್ ತೊಂದ್ರಿ ಕೊಡ್ಲಿಲ್ಲೆ,” ಎಂದಷ್ಟೇ ಹೇಳಿ ಕೂತರು. ಎಲ್ಲರೂ ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ನನಗೆ ಎದ್ದು ಆ ಚಪ್ಪಾಳೆಗಳನ್ನೆಲ್ಲ ಹಿಡಿದು ನಿಲ್ಲಿಸಬೇಕು ಅನಿಸಿತ್ತು.

ನಿವೃತ್ತಿಯಾಗಿ ನಾಲ್ಕು ವರ್ಷಕ್ಕೆ ಜ್ವರ ಬಂದು ಹೋದರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಅಣ್ಣ ಖುದ್ದಾಗಿ ಫೋನು ಮಾಡಿ ಕರೆದರು. ಊರಿಗೆ ಊರೇ ಬಂದಿತ್ತು. ಕೈ ಹಿಡಿದು ಅಳುವ ಹೆಂಗಸರಲ್ಲಿ ಅರ್ಧಕ್ಕರ್ಧ ಅವರಿಂದ ಹೊಲಿಗೆ ಕಲಿತವರು. ಅಣ್ಣನ ಕಣ್ಣೂ ಕೆಂಪಾಗಿತ್ತು, ಅದು ಸುಳ್ಳಲ್ಲ. ಪಂಕ್ತಿಯ ನಡುವೆ ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದವರು ನನ್ನ ಮುಂದೆ ನಿಂತರು.

“ಅವ್ಳಿಗೆ ನಾವ್ ಎಂತದೂ ಕಮ್ಮಿ ಮಾಡ್ಲಿಲ್ಲೆ ಮೇಷ್ಟ್ರೇ, ನಿಮ್ಗೇ ಗೊತ್ತಿತ್ತಲೆ. ಒಂದ್ ಗಾಡಿ ಸೈತ ತೆಗ್ದ್ ಕೊಟ್ಟಿದ್ದೆ. ಅದ್ರ ಮೇಲೆ ಕೂಕಂಬ ಯೋಗ ಅವ್ಳಿಗೆ ಇಲ್ದೇ ಹೋಯ್ತ್.”

ಅಕ್ಕಪಕ್ಕದವರು ಪಾಪ ಎಂದು ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ.

“ಅದರ ದುಡ್ಡು ಅವರದ್ದಲ್ಲವಾ?” ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ಬಗ್ಗಿ, ಕಿವಿ ಕೇಳದವನಿಗೆ ಹೇಳುವ ಹಾಗೆ ಹೇಳಿದರು.

“ಅವ್ಳೇ ನಮ್ಮವ್ಳಲ್ದಾ ಮೇಷ್ಟ್ರೇ? ಮತ್ತೆ ದುಡ್ಡ್ ಯಾರದ್ದ್?”

ಜಗಳಕ್ಕೆ ಕೇಳಿದ್ದಲ್ಲ, ಬುದ್ಧಿವಂತಿಕೆಯೂ ಅಲ್ಲ. ಆ ಮನುಷ್ಯನಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. ನಾನು ಮಜ್ಜಿಗೆ ಬರುವ ಮೊದಲೇ ಎಲೆ ಮಡಚಿ ಎದ್ದೆ. ಪಂಕ್ತಿಯ ತುದಿಯಲ್ಲಿದ್ದ ಹಿರಿಯರೊಬ್ಬರು, “ಹ್ವಾಯ್, ಬೊಜ್ಜದ್ ಎಲಿಯಿಂದ ಅರ್ಧಕ್ಕೆ ಏಳೂಕಾಗ, ಸತ್ತವ್ರಿಗೆ ಅವಮಾನ!” ಎಂದು ಕೂಗಿದರು. ಹೌದು, ನಮ್ಮ ಕಡೆ ಅದನ್ನು ಅವಮಾನ ಅನ್ನುತ್ತಾರೆ. ಬದುಕಿದ್ದಾಗ ಅವರಿಗೆ ಮಾಡಿದ್ದಕ್ಕೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ.